ಮಗ್ಗ ಹೊರಡುವ ಮುಂಚೆ ಹೇಳಬೇಕಾದ ತಪ್ಪು

ಚಲಪತಿಯ ಮುತ್ತಜ್ಜ ಚೌಡಪ್ಪ ತನ್ನ ಮಗ್ಗವನ್ನು ಬಿಚ್ಚಿ ಎತ್ತಿನ ಗಾಡಿಗೆ ಹೇರಿಕೊಂಡು ದೊಡ್ಡಬಳ್ಳಾಪುರಕ್ಕೆ ಬಂದವನು. ಗಾಡಿಯಲ್ಲಿ ಮಗ್ಗಕ್ಕೆ ಜಾಗವಾಯಿತು, ಹೆಂಡತಿಗೆ ಆಗಲಿಲ್ಲ. ಆಕೆ ಗಾಡಿಯ ಹಿಂದೆ ನಡೆದೇ ಬಂದಳು. ಸಾಯುವವರೆಗೂ ಆ ಮಾತನ್ನು ಗಂಡ ಮರೆಯುವುದಕ್ಕೆ ಬಿಡಲಿಲ್ಲ. ಚೌಡಪ್ಪನ ಮಗ ರಾಮಲಿಂಗಪ್ಪ, ಯುದ್ಧದ ಕಾಲದಲ್ಲಿ ನೂಲು ಸಿಗದೆ ಬೀದಿಯ ಮಗ್ಗಗಳಿಗೆಲ್ಲ ಜೇಡರಬಲೆ ಕಟ್ಟಿದಾಗ, ಹಳೆಯ ಪಂಚೆಗಳ ಎಳೆ ಬಿಚ್ಚಿ, ಗಂಜಿ ಕೊಟ್ಟು, ಮತ್ತೆ ನೇಯ್ದು ಮನೆಮಂದಿಯ ಹೊಟ್ಟೆ ಹೊರೆದವನು. ರಾಮಲಿಂಗಪ್ಪನ ಮಗ ಪುಟ್ಟರಾಮಯ್ಯ ಆ ಬೀದಿಯಲ್ಲಿ ಮೊದಲು ಕಾರ್ಡು ಹೊಡೆದವನು. ಬೀದಿಯ ತುದಿಯಲ್ಲಿ ನಿಂತು ಮಗ್ಗದ ಸದ್ದು ಕೇಳಿಯೇ ಯಾರ ಮನೆಯ ಕಾರ್ಡು ಹರಿದಿದೆ ಎಂದು ಹೇಳುತ್ತಿದ್ದನಂತೆ. ಜನ ಹೇಳುವುದರಲ್ಲಿ ಅರ್ಧ ಕಳೆದರೂ ಆಳು ಗಟ್ಟಿಗನೇ.

ಕಾರ್ಡು ಅಂದರೆ ಈಗಿನವರಿಗೆ ಬೇರೆ ಏನೇನೋ ನೆನಪಾಗುತ್ತದೆ, ಬಿಡಿಸಿ ಹೇಳಿಬಿಡುವುದು ಒಳ್ಳೆಯದು. ಉದ್ದನೆಯ ರಟ್ಟಿನ ಪಟ್ಟಿಗೆ ತೂತು ಹೊಡೆಯುವುದು. ಅಂಥ ಪಟ್ಟಿಗಳನ್ನು ದಾರದಿಂದ ಒಂದಕ್ಕೊಂದು ಹೊಲಿದು ಮಾಲೆ ಮಾಡುವುದು. ಮಾಲೆಯ ಎರಡು ತುದಿ ಸೇರಿಸಿ ಮಗ್ಗದ ತಲೆಯ ಮೇಲಿರುವ ಜಕಾರ್ಡ್ ಯಂತ್ರಕ್ಕೆ ಏರಿಸುವುದು. ತೂತು ಇರುವಲ್ಲಿ ಉದ್ದಕ್ಕಿರುವ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಇರುತ್ತದೆ, ನಡುವೆ ಲಾಳಿ ಓಡುತ್ತದೆ, ಹೂವು ಮೂಡುತ್ತದೆ. ಮಾಲೆ ಒಂದು ಸುತ್ತು ಬಂದರೆ ಒಂದು ಹೂವು ಮುಗಿಯಿತು. ಪುಟ್ಟರಾಮಯ್ಯ ಇದಕ್ಕೊಂದು ಪದ್ಧತಿ ಹಾಕಿದ್ದ. ಮಾಲೆಯಿಂದ ಒಂದು ಹೂವಿನ ಕಾರ್ಡುಗಳನ್ನು ಕತ್ತರಿಸಿ ಬೇರೆ ಕಟ್ಟು ಮಾಡಿದರೆ, ಆ ಕಟ್ಟನ್ನು ಮೂಲೆಗೆ ಎಸೆಯುವಂತಿಲ್ಲ. ಯಾವ ಮಾಲೆಯಿಂದ ಬಂತೋ ಅದೇ ಮಾಲೆಯಲ್ಲಿ, ಕತ್ತರಿಸಿದ ಜಾಗದಲ್ಲೇ, ದಾರ ಕಟ್ಟಿ ನೇತುಹಾಕಬೇಕು. ಬೇಕಾದಾಗ ಹುಡುಕಾಡುವ ಕೆಲಸವಿಲ್ಲ. ಬೀದಿಯ ಕಾರ್ಡಿನವರೆಲ್ಲ ಅದನ್ನೇ ಕಲಿತರು. ಕಾರ್ಡು ಹೋಗಿ ಎಷ್ಟೋ ಕಾಲವಾಯಿತು. ಹಂಡೆಯ ಒಲೆಗೆ ಹಾಕಿ ನೀರು ಕಾಯಿಸಿಕೊಂಡರು. ಪದ್ಧತಿ ಮಾತ್ರ ಕೈಯಲ್ಲಿ ಉಳಿಯಿತು.

ಪುಟ್ಟರಾಮಯ್ಯನ ಹಿರಿಮಗ ಚಲಪತಿ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟು ಅಪ್ಪನ ಪಕ್ಕ ಕೂತು ತೂತು ಹೊಡೆದ. ಕಾರ್ಡಿನ ಕಾಲ ಮುಗಿಯುತ್ತ ಬಂದಾಗ, ಪೇಟೆಯ ಡಿಸೈನ್ ಅಂಗಡಿಯವರು ಕೆಟ್ಟಿತೆಂದು ಮೂಲೆಗೆ ತಳ್ಳಿದ್ದ ಕಂಪ್ಯೂಟರನ್ನು ಹೊತ್ತು ತಂದ. ಅದರ ಜೊತೆ ರಟ್ಟು ಕಿತ್ತುಹೋದ ಇಂಗ್ಲಿಷ್ ಪುಸ್ತಕವೊಂದು ಬಂದಿತ್ತು. ಒಂದು ಕೈಯಲ್ಲಿ ನಿಘಂಟು, ಇನ್ನೊಂದು ಕೈಯಲ್ಲಿ ಆ ಪುಸ್ತಕ. ಹಾಗೆ ಕಲಿತದ್ದರಿಂದ ಅವನ ಇಂಗ್ಲಿಷಿನಲ್ಲಿ ‘ಚೆನ್ನಾಗಿದ್ದೀರಾ’ ಇಲ್ಲ. ‘ಈ ಸಾಲಿನಲ್ಲಿ ದೋಷವಿದೆ’, ‘ನೆನಪಿನಲ್ಲಿ ಜಾಗ ಸಾಲದು’ ಇವೆ. ಯಾರೂ ಹೇಳಿಕೊಟ್ಟವರಿಲ್ಲ ಎಂಬುದನ್ನು ಚಲಪತಿ ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೂ ಹೇಳುತ್ತಾನೆ. ಹೋಟೆಲಿನಲ್ಲಿ ಎದುರು ಕೂತ ಅಪರಿಚಿತನಿಗೂ ಹೇಳಿದ್ದುಂಟು.

ಅವನು ಮಾಡಿದ್ದು ಇಷ್ಟು. ಮಗ್ಗದ ತಲೆಯ ಮೇಲೆ ಕಾರ್ಡಿನ ಮಾಲೆಯ ಬದಲು ಒಂದು ಡಬ್ಬಿ ಕೂರಿಸಿದ. ಡಬ್ಬಿಗೆ ಪೆನ್‌ಡ್ರೈವ್ ಚುಚ್ಚಿದರೆ ಅದರಲ್ಲಿ ಬರೆದಂತೆ ಎಳೆಗಳು ಏಳುತ್ತವೆ. ಬರೆಯುವುದಕ್ಕೆ ಅವನೇ ಒಂದು ಭಾಷೆ ಕಟ್ಟಿದ, ಕನ್ನಡದ ಮಾತುಗಳಲ್ಲೇ. ‘ಸುತ್ತು’ ಎಂದು ಬರೆದರೆ ಅದರ ಕೆಳಗಿನ ಸಾಲುಗಳು ‘ಮುಗಿ’ ಎಂಬಲ್ಲಿಯವರೆಗೆ ಮತ್ತೆ ಮತ್ತೆ ನಡೆಯುತ್ತವೆ, ಹಳೆಯ ಮಾಲೆ ತಿರುಗಿದಂತೆ. ‘ಸಾಕು’ ಎಂದರೆ ಆ ಸುತ್ತಿನಿಂದ ಹೊರಗೆ ಬಾ ಎಂದು; ಯಾವಾಗ ಎಂಬುದನ್ನೂ ಅದೇ ಸಾಲಿನಲ್ಲಿ ಹೇಳಬಹುದು, ‘ಒಡಲು ತುಂಬಿದರೆ ಸಾಕು’ ಎನ್ನುವ ಹಾಗೆ. ‘ದಾಟು’ ಎಂದರೆ ಈ ಸರ್ತಿ ಉಳಿದದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗು ಎಂದು. ಒಂದು ಹೂವನ್ನೋ ಹಕ್ಕಿಯನ್ನೋ ಬೇರೆ ಮಾಡಿ ಹೆಸರಿಡಬೇಕಾದರೆ ‘ತುಂಡು’ ಎಂದು ಬರೆದು ಹೆಸರು ಕೊಟ್ಟು, ಕೊನೆಗೆ ‘ತುಂಡು ಮುಗಿ’ ಎನ್ನಬೇಕು. ಆಮೇಲೆ ಎಲ್ಲಿ ಆ ಹೆಸರು ಬರೆದರೂ ಆ ಹಕ್ಕಿ ಬಂದು ಕೂರುತ್ತದೆ. ಕೈಮಗ್ಗ, ಪವರ್‌ಲೂಮು ನೋಡಿದ ಯಾರಿಗಾದರೂ ಒಂದು ಮಧ್ಯಾಹ್ನದಲ್ಲಿ ಹತ್ತುವ ಭಾಷೆ. ಬೀದಿಯಲ್ಲಿ ಹಲವರು ಹಾಕಿಸಿಕೊಂಡರು. ಎಲ್ಲರಿಗಿಂತ ಮೊದಲು ಹಾಕಿಸಿಕೊಂಡವಳು ವರಲಕ್ಷ್ಮಮ್ಮ. ಗಂಡ ತೀರಿಕೊಂಡ ಮೇಲೆ ಮಗ್ಗಗಳನ್ನು ಮಾರದೆ ತಾನೇ ನಿಂತು ನಡೆಸಿದ ಹೆಂಗಸು. ಅವಳ ಮಗ್ಗದಲ್ಲಿ ಒಂದು ವಸ್ತು ಒಪ್ಪಿಗೆಯಾದರೆ ಬೀದಿಗೆ ಒಪ್ಪಿಗೆ. ಅವಳ ಮಗ್ಗದಿಂದ ಇಳಿದರೆ ಬೀದಿಯಿಂದ ಇಳಿದಂತೆ. ಇದು ಚಲಪತಿಗೂ ಗೊತ್ತಿತ್ತು.

ಆ ದಿನ ಬೆಳಿಗ್ಗೆ ವರಲಕ್ಷ್ಮಮ್ಮ ಹೇಳಿಕಳಿಸಿದಳು. ಚಲಪತಿ ಹೋದಾಗ ಮಗ್ಗದ ಮನೆಯ ಚಾಪೆಯ ಮೇಲೆ ಮಾವಿನ ಚಿಗುರಿನ ಬಣ್ಣದ ರೇಷ್ಮೆ ಹರಡಿಕೊಂಡಿತ್ತು, ಉದ್ದಕ್ಕೂ ನವಿಲು.

“ಚಲಪತಣ್ಣ, ಬಾ. ಇದು ಮದ್ವೆ ಸೀರೆ. ಸೆರಗೆಲ್ಲಿ ತೋರ್ಸು” ಅಂದಳು.

ಚಲಪತಿ ಬಟ್ಟೆಯನ್ನು ಒಂದು ಕಡೆಯಿಂದ ಜಗ್ಗುತ್ತ ಹೋದ. ನವಿಲು ಆದಮೇಲೆ ನವಿಲು, ಅದಾದಮೇಲೆ ನವಿಲು. ಬಟ್ಟೆ ಮುಗಿದಲ್ಲಿ ಅರ್ಧ ನವಿಲು.

“ಇಲ್ಲ” ಅಂದ.

“ಇಲ್ಲ ಅನ್ನೋದು ನಂಗೂ ಕಾಣ್ತದಪ್ಪ. ಎಲ್ಲಿಗೋಯ್ತು?”

ಆಗಿದ್ದು ಹೀಗೆ. ಡಿಸೈನ್ ಬರೆದವನು ಅವಳ ಮಗ್ಗ ನಡೆಸುವ ಬೈರೇಶ್, ರಾಜಘಟ್ಟದಿಂದ ದಿನಾ ಬೈಕಿನಲ್ಲಿ ಬರುವವನು. ಸೀರೆಯ ಒಡಲಿನಲ್ಲಿ ನವಿಲು ಸಾಲಾಗಿ ಬರಬೇಕು, ಒಡಲು ತುಂಬಿದ ಮೇಲೆ ‘ಸಾಕು’, ಆಮೇಲೆ ಸೆರಗು. ಆ ‘ಸಾಕು’ ಅವನು ಬರೆದೇ ಇದ್ದ, ಆದರೆ ನವಿಲಿನ ತುಂಡಿನ ಒಳಗೆ ಬರೆದಿದ್ದ. ತುಂಡಿನ ಒಳಗೆ ಸುತ್ತು ಇರಲಿಲ್ಲ. ಸುತ್ತು ಇದ್ದದ್ದು ಹೊರಗೆ. ಡಬ್ಬಿಯೊಳಗಿನ ಪ್ರೋಗ್ರಾಂ ಸಾಲುಸಾಲಾಗಿ ನಡೆಸುತ್ತ ಆ ‘ಸಾಕು’ ಮುಟ್ಟಿತು, ಯಾವ ಸುತ್ತಿನಿಂದ ಹೊರಬರಬೇಕೋ ತಿಳಿಯದೆ ಅದನ್ನು ಬಿಟ್ಟು ಮುಂದಕ್ಕೆ ಹೋಯಿತು. ಸುತ್ತು ಮುಗಿಯಲೇ ಇಲ್ಲ. ಆ ಸೀರೆ ನೇಯುವ ದಿನ ಬೈರೇಶ್ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದ. ವರಲಕ್ಷ್ಮಮ್ಮನೇ ಮಗ್ಗ ನೋಡಿಕೊಂಡಿದ್ದಳು. ಬಟ್ಟೆ ಬೆನ್ನು ಮೇಲಾಗಿ ನೇಯ್ದುಕೊಂಡು ಉರುಳೆಗೆ ಸುತ್ತಿಕೊಳ್ಳುತ್ತದೆ, ಮಗ್ಗದ ಸದ್ದು ನೇರವಾಗಿತ್ತು, ಎಳೆ ಹರಿದಿರಲಿಲ್ಲ. ಕತ್ತರಿಸಿ ಬಿಚ್ಚಿದಾಗಲೇ ಕಂಡದ್ದು.

“ಬೈರೇಶ ಬರೀಬಾರದ ಕಡೆ ಬರ್ದವ್ನೆ ಕಣಮ್ಮ” ಅಂದ ಚಲಪತಿ.

“ಅವ್ನು ಬರ್ದ, ಸರಿ. ಅವ್ನಿಗೆ ಮಾಡ್ಬೇಕಾದ ಪೂಜೆ ಆಗ್ಲೇ ಮಾಡಿದೀನಿ. ನಿನ್ ಡಬ್ಬಿ ಯಾಕೆ ಬಾಯಿ ಮುಚ್ಕೊಂಡಿತ್ತು?”

ಅದಕ್ಕೆ ಕಾರಣವಿತ್ತು, ಚಲಪತಿ ಅದನ್ನು ಹೆಮ್ಮೆಯಿಂದಲೇ ಹೇಳಿದ. ನೇಯ್ಗೆಯ ನಡುವೆ ಮಗ್ಗ ನಿಂತು ಮತ್ತೆ ಹೊರಟರೆ, ನಿಂತ ಜಾಗದಲ್ಲಿ ಬಟ್ಟೆಗೆ ಅಡ್ಡಗೆರೆ ಬೀಳುತ್ತದೆ. ರೇಷ್ಮೆಯಲ್ಲಿ ಆ ಗೆರೆ ಹೋಗುವುದಿಲ್ಲ. ಆದ್ದರಿಂದ ಚಿಕ್ಕಪುಟ್ಟ ತಪ್ಪಿಗೆಲ್ಲ ಡಬ್ಬಿ ಮಗ್ಗ ನಿಲ್ಲಿಸಬಾರದು, ದಾಟಿಕೊಂಡು ಹೋಗಬೇಕು ಎಂದು ಅವನೇ ಹಾಗೆ ಮಾಡಿದ್ದ.

“ಗೆರೆ ಬಿದ್ದ ಸೀರೇನ ಮನೇಲಾದ್ರೂ ಉಡ್ಬೋದು. ಸೆರಗಿಲ್ಲದ್ದನ್ನ ಯಾರುಡ್ತಾರೆ, ನಿನ್ನೆಂಡ್ತಿ ಉಡ್ತಾಳಾ?” ವರಲಕ್ಷ್ಮಮ್ಮ ಬಟ್ಟೆ ಮಡಚಿದಳು. “ನಿಂತ್ರೂ ಕೆಡ್ತದೆ, ಓಡಿದ್ರೂ ಕೆಡ್ತದೆ. ಹಂಗಾದ್ರೆ ಹೊರಡೋಕ್ ಮುಂಚೆ ಹೇಳ್ಬೇಕು. ಲಾಳಿ ಒಂದ್ಸಲ ಓಡೋದಕ್ಕೂ ಮುಂಚೆ.”

“ಹೇಳಿಸ್ಬೋದು. ನೋಡೋಣ.”

“ನೋಡೋಣ ಅಲ್ಲ ಚಲಪತಣ್ಣ. ಗಂಗಲಕ್ಷ್ಮಮ್ಮ ಅಚ್ಚು ಕೆಚ್ಚೋಕೆ ಕೂತವ್ಳೆ. ಅವ್ಳು ಎದ್ದೇಳೋದ್ರೊಳಗೆ ನಿನ್ ಡಬ್ಬಿ ತಪ್ಪನ್ನ ಮುಂಚೇನೇ ಹೇಳೋ ಹಂಗಾಗ್ಬೇಕು. ಇಲ್ಲಾಂದ್ರೆ ಬಿಚ್ಕೊಂಡೋಗು. ಸಿಟಿಯವ್ರು ಅವ್ರದೇ ಮಿಷಿನ್ನು ತಂದು ಕೂರಿಸ್ತೀವಿ ಅಂತ ಫೋನ್ ಮೇಲೆ ಫೋನ್ ಮಾಡ್ತಾವ್ರೆ.”

ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ತುದಿಯನ್ನು ಎಳೆಗೆ ಎಳೆ ಹೊಸೆದು ಕೂಡಿಸುವುದಕ್ಕೆ ಅಚ್ಚು ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಗಂಗಲಕ್ಷ್ಮಮ್ಮ ಮಗ್ಗದ ಎಡತುದಿಯಲ್ಲಿ ಮಣೆ ಹಾಕಿ ಕೂತಿದ್ದಳು, ಬೆರಳಿಗೆ ಬೂದಿ ಸವರಿಕೊಂಡು. ಕೆಲಸ ಸಾಗಿದಂತೆ ಮಣೆ ಬಲಕ್ಕೆ ಸರಿಯುತ್ತದೆ. ಮಣೆ ಬಲತುದಿ ಮುಟ್ಟಿದಾಗ ಮಗ್ಗ ಸಿದ್ಧ. ಚಲಪತಿಗೆ ಬೇರೆ ಗಡಿಯಾರ ಬೇಕಾಗಲಿಲ್ಲ.

ಮೊದಲು ಅವನು ಬೈರೇಶನನ್ನು ಹಿಡಿದುಕೊಂಡ. ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು, ಮಾತು ಸರಿಯಾಗಿ ಕೇಳುತ್ತಿತ್ತು.

“ಲೇ ಬೈರೇಶ, ‘ಸಾಕು’ನ ತುಂಡೊಳಗೆ ಯಾಕ್ಲಾ ತುರುಕಿದೆ?”

“ಸುತ್ತಿನೊಳಗೇ ತಾನೆ ಯಜಮಾನ್ರೇ ಇರೋದು?” ಬೈರೇಶ್ ಮೊಬೈಲು ಕೆಳಗಿಟ್ಟ. “ಬನ್ನಿ ನೋಡಿ. ಸುತ್ತು ಅಂತ ಬರ್ದಿದೀನಾ? ಅದರ ಕೆಳಗೇ ತುಂಡು ನವಿಲು. ತುಂಡು ಮುಗಿ. ಆಮೇಲೆ ನವಿಲು ಅಂತ ಕರ್ದಿದೀನಿ. ಆಮೇಲೆ ಮುಗಿ. ತುಂಡು ಸುತ್ತಿನ ಹೊಟ್ಟೆವೊಳಗೇ ಐತೆ.”

“ತುಂಡನ್ನ ಸುತ್ತಿನೊಳಗೆ ಯಾಕೆ ಬರೀತೀಯ? ಮೇಲ್ಗಡೆ ಬೇರೆ ಬರ್ದಿಡೋಕಾಗಲ್ವಾ?”

“ನಂಗೆ ಕೆಲ್ಸ ಕಲಿಸ್ದವ್ರು ಹಂಗೇ ಹೇಳ್ಕೊಟ್ಟಿದ್ದು. ಎಲ್ಲಿಂದ ಕತ್ತರಿಸ್ತೀಯೋ ಅಲ್ಲೇ ನೇತಾಕು ಅಂತ. ನಿಮ್ ತಂದೇನೇ ಅಲ್ವಾ ಮಾಡಿದ್ದು ಆ ರೂಲು?”

ಬೈರೇಶ್ ಹೇಳಿದ್ದು ನಿಜ. ರಟ್ಟಿನ ಕಾಲದಲ್ಲಿ ಕಟ್ಟು ಯಾವ ಮಾಲೆಗೆ ಕಟ್ಟಿದೆಯೋ ಆ ಮಾಲೆಯದೇ. ಅದರಲ್ಲಿ ನಿಲ್ಲಿಸುವ ಕಾರ್ಡು ಇದ್ದರೆ ಆ ಮಾಲೆಯೇ ನಿಲ್ಲುತ್ತದೆ. ಅಕ್ಷರದಲ್ಲಿ ಬರೆದ ತುಂಡು ಹಾಗಲ್ಲ. ಅದನ್ನು ಒಡಲಿನ ಸುತ್ತಿನಿಂದ ಕರೆಯಬಹುದು, ಸೆರಗಿನ ಮೂಲೆಗೆ ಒಂದೇ ಒಂದು ನವಿಲು ಬೇಕೆಂದು ಸುತ್ತಿಲ್ಲದ ಜಾಗದಿಂದಲೂ ಕರೆಯಬಹುದು. ಅಲ್ಲಿಂದ ಕರೆದರೆ ಆ ‘ಸಾಕು’ ಯಾರಿಗೆ ಹೇಳಿದ್ದು? ಹೀಗಾಗಿ ತುಂಡು ತನ್ನ ಒಳಗಿನ ಸುತ್ತನ್ನು ಮಾತ್ರ ನಿಲ್ಲಿಸಬೇಕು, ಕರೆದವರ ಮನೆಯ ಸುತ್ತಿಗೆ ಕೈ ಹಾಕಬಾರದು ಎಂದು ಭಾಷೆ ಕಟ್ಟಿದಾಗಲೇ ಚಲಪತಿ ತೀರ್ಮಾನ ಮಾಡಿದ್ದ. ತೀರ್ಮಾನ ಸರಿಯಾಗಿತ್ತು. ಅದನ್ನು ಮೀರಿದರೆ ಹೇಳುವ ಬಾಯಿಯನ್ನು ಡಬ್ಬಿಗೆ ಇಟ್ಟಿರಲಿಲ್ಲ, ಅಷ್ಟೆ.

ಮನೆಗೆ ಹೋಗಿ ಕೂತ. ಮಗ್ಗ ಹೊರಡುವ ಮೊದಲು ಬರೆದದ್ದನ್ನೆಲ್ಲ ಮೇಲಿನಿಂದ ಕೆಳಗೆ ಒಮ್ಮೆ ಓದುವ ಪ್ರೋಗ್ರಾಂ ಬೇಕು. ಏನನ್ನೂ ನಡೆಸುವುದಿಲ್ಲ, ಬರೀ ಓದುತ್ತದೆ. ಅದಕ್ಕೆ ‘ಕಣ್ಣಾಡಿಸು’ ಎಂದು ಹೆಸರಿಟ್ಟ. ಉಪಾಯ ಸುಲಭದ್ದೇ ಹೊಳೆಯಿತು. ಕೈಯಲ್ಲಿ ಒಂದು ಎಣಿಕೆ ಹಿಡಿದುಕೊಂಡು ಓದುತ್ತ ಹೋಗುವುದು. ‘ಸುತ್ತು’ ಕಂಡರೆ ಎಣಿಕೆಗೆ ಒಂದು ಕೂಡು. ‘ಮುಗಿ’ ಕಂಡರೆ ಒಂದು ಕಳೆ. ‘ಸಾಕು’ ಅಥವಾ ‘ದಾಟು’ ಕಂಡಾಗ ಕೈಯಲ್ಲಿ ಏನೂ ಇಲ್ಲದಿದ್ದರೆ, ಆ ಮಾತು ಯಾವ ಸುತ್ತಿಗೂ ಸೇರಿದ್ದಲ್ಲ. ತಪ್ಪು ಎಂದು ಹೇಳು, ಮಗ್ಗ ಬಿಡಬೇಡ.

ಸಂಜೆಯೊಳಗೆ ಬರೆದು ಮುಗಿಸಿದ. ತಾನೇ ಕೆಲವು ತಪ್ಪು ಡಿಸೈನ್ ಬರೆದು ಕೊಟ್ಟು ನೋಡಿದ; ಎಲ್ಲವನ್ನೂ ಹಿಡಿಯಿತು. ಚಲಪತಿಗೆ ಮೀಸೆ ತಿರುವಿಕೊಳ್ಳುವಂತಾಯಿತು. ತಮ್ಮನ ಮಗಳು ಕೀರ್ತನಳಿಗೆ ಫೋನು ಮಾಡಿ, “ನಾಳೆ ಬಿಡುವು ಮಾಡ್ಕೊಂಡು ಬಾ, ನಿಮ್ ಕಾಲೇಜಲ್ಲಿ ಇಲ್ಲದ್ದೊಂದು ತೋರಿಸ್ತೀನಿ” ಅಂದ. ಕೀರ್ತನ ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಬರೆದದ್ದನ್ನು ನಡೆಸುವ ಮೊದಲೇ ಓದಿ ತಪ್ಪು ಹಿಡಿಯುವ ಕಂಪೈಲರುಗಳ ಬಗ್ಗೆಯೇ ಅವಳ ಪಾಠ. ದೊಡ್ಡಪ್ಪ ಕೇಳಿದ್ದರೆ ಹೇಳುತ್ತಿದ್ದಳು. ದೊಡ್ಡಪ್ಪ ಕೇಳುವವನಲ್ಲ.

ಮರುದಿನ ಗಂಗಲಕ್ಷ್ಮಮ್ಮನ ಮಣೆ ಮಗ್ಗದ ನಡುವಿಗೆ ಬಂದಿತ್ತು. ಚಲಪತಿ ಡಬ್ಬಿಗೆ ಹೊಸ ಪ್ರೋಗ್ರಾಂ ಹಾಕಿ, ಕೀರ್ತನಳನ್ನೂ ಸೇರಿಸಿ ಎಲ್ಲರನ್ನೂ ಹತ್ತಿರ ಕರೆದ.

“ಯಾವ್ದು ಕೆಡಿಸ್ತೋ ಅದನ್ನೇ ಕೊಡು, ಬೈರೇಶ. ಅದೇ ನವಿಲು.”

ಬೈರೇಶ್ ಪೆನ್‌ಡ್ರೈವ್ ಚುಚ್ಚಿದ. ಡಬ್ಬಿಯ ಪುಟ್ಟ ಪರದೆಯ ಮೇಲೆ ಅಕ್ಷರ ಬಂತು: ‘ಎಲ್ಲ ಸರಿ ಇದೆ. ಮಗ್ಗ ಬಿಡಬಹುದು.’

ಬೈರೇಶ್ ಬಗ್ಗಿ ಅದನ್ನು ಗಟ್ಟಿಯಾಗಿ ಓದಿದ.

“ಗುರುಗಳೇ, ಡಬ್ಬಿ ನನ್ ಪಾರ್ಟಿ” ಅಂದ ಬೈರೇಶ್. “ನಾನು ಬರ್ದಿದ್ದು ಸರಿ ಐತಂತೆ. ಅಮ್ಮಾ, ಮೊನ್ನೆ ಬೈದಿದ್ದೆಲ್ಲ ವಾಪಸ್ ತಗೊಳಿ.”

“ತಗೋತೀನಿ, ನಿಂತ್ಕೋ” ಅಂದಳು ವರಲಕ್ಷ್ಮಮ್ಮ.

ಚಲಪತಿ ಕೀರ್ತನಳ ಮುಖ ನೋಡಿದ. ಅವಳು ಪರದೆ ನೋಡಿದ್ದಳು, ಬೈರೇಶನ ಸಾಲುಗಳನ್ನು ನೋಡಿದ್ದಳು, ಈಗ ತುಟಿ ಒತ್ತಿಕೊಂಡು ನಿಂತಿದ್ದಳು. ಏನಾಗಿದೆ ಎಂದು ಅವಳಿಗೆ ಆಗಲೇ ತಿಳಿದುಹೋಗಿದೆ ಎಂಬುದು ಅವನಿಗೆ ತಿಳಿಯಿತು. ಡಬ್ಬಿ ಸುಳ್ಳು ಹೇಳಿದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

“ದೊಡ್ಡಪ್ಪ, ನಾನೊಂದು ಮಾತು—”

“ಹೇಳ್ಬೇಡ.”

“ಒಂದೇ ಮಾತು ದೊಡ್ಡಪ್ಪ.”

“ಬಾಯ್ಬಿಟ್ರೆ ನಿಮ್ಮಪ್ಪನ್ನ ಕರೀತೀನಿ ನೋಡು” ಅಂದು ಚಲಪತಿ ಹೊರಗೆ ನಡೆದುಬಿಟ್ಟ. ಮದುವೆ ವಯಸ್ಸಿನ ಮಗನಿರುವ ಲೆಕ್ಚರರಿಗೆ ಹೇಳುವ ಮಾತಲ್ಲ ಅದು. ಕೀರ್ತನ ನಕ್ಕಳು, ಆದರೆ ಹೇಳಲಿಲ್ಲ.

ಬಿಸಿಲು ಏರಿತ್ತು. ಬೀದಿಯ ತಿರುವಿನವರೆಗೆ ಹೋದಮೇಲೆ ಅಂಗಾಲು ಸುಟ್ಟಿತು. ನೋಡಿದರೆ ಬರಿಗಾಲು. ಮಗ್ಗದ ಮನೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗುವುದಿಲ್ಲ. ಬಾಗಿಲಲ್ಲೇ ಬಿಡುವುದು ರೂಢಿ. ಸಿಟ್ಟಿನಲ್ಲಿ ಹಾಗೇ ಬಂದಿದ್ದ. ಕುಣಿದುಕೊಂಡು ವಾಪಸ್ಸು ಬಂದ. ಮಣೆಯ ಮೇಲೆ ಕೂತ ಗಂಗಲಕ್ಷ್ಮಮ್ಮ ಕೈ ನಿಲ್ಲಿಸದೆಯೇ ಬಾಗಿಲ ಕಡೆ ನೋಡಿದಳು.

“ಯಾಕ್ ಚಲಪತಣ್ಣ, ಒಳಗೆ ಬರೋವಾಗ ಬಿಟ್ಟಿದ್ದನ್ನ ಹೊರಗೆ ಹೋಗೋವಾಗ ಮೆಟ್ಕೋಬೇಕು ಅಂತ ನಿಂಗೆ ಯಾರೂ ಹೇಳ್ಕೊಡ್ಲಿಲ್ವಾ?”

ಚಲಪತಿ ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ಹೊಸ್ತಿಲ ಮೇಲೆ ಇಟ್ಟು ನಿಂತ.

ಅವನ ಪ್ರೋಗ್ರಾಂ ಮೇಲಿನಿಂದ ಓದುತ್ತ ಬಂದು ಬೈರೇಶನ ಸುತ್ತು ಕಂಡಿತ್ತು, ಎಣಿಕೆ ಒಂದಾಗಿತ್ತು. ಸುತ್ತು ಮುಗಿಯುವ ಮೊದಲೇ ನವಿಲಿನ ತುಂಡು ಬಂದಿತ್ತು. ಆ ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಪ್ರೋಗ್ರಾಂ ತುಂಡಿನೊಳಗೆ ನುಗ್ಗಿತ್ತು. ಒಳಗೆ ‘ಸಾಕು’ ಕಂಡಾಗ ಕೈಯಲ್ಲಿ ಒಂದಿತ್ತು, ಸರಿ ಅಂದಿತ್ತು. ಆ ಒಂದು ತುಂಡಿನದಲ್ಲ, ಹೊರಗಿನದು. ಬಾಗಿಲಲ್ಲಿ ಬಿಡಬೇಕಾದದ್ದನ್ನು ಮೆಟ್ಟಿಕೊಂಡೇ ಒಳಗೆ ಹೋಗಿತ್ತು. ಚಲಪತಿ ತಾನೇ ಪರೀಕ್ಷೆಗೆಂದು ಬರೆದ ತಪ್ಪುಗಳಲ್ಲಿ ಇದು ಏಕೆ ಬರಲಿಲ್ಲವೆಂದರೆ, ಪುಸ್ತಕದಿಂದ ಕಲಿತ ಅವನು ತುಂಡುಗಳನ್ನು ಯಾವಾಗಲೂ ಮೇಲ್ಗಡೆ ಬೇರೆಯಾಗಿ ಬರೆಯುತ್ತಿದ್ದ. ಸುತ್ತಿನ ಹೊಟ್ಟೆಯಲ್ಲಿ ತುಂಡು ನೇತುಹಾಕುವವರು ಈ ಬೀದಿಯವರು ಮಾತ್ರ. ಅವನಪ್ಪ ಕಲಿಸಿದವರು.

ಮಾಡಬೇಕಾದದ್ದು ಸ್ಪಷ್ಟವಾಯಿತು. ‘ತುಂಡು’ ಕಂಡ ಕೂಡಲೇ ಕೈಯಲ್ಲಿದ್ದ ಎಣಿಕೆಯನ್ನು ಬಾಗಿಲಲ್ಲಿ ಬಿಡು, ಬರಿಗೈಯಲ್ಲಿ ಒಳಗೆ ಹೋಗು. ಒಳಗಿನ ಸುತ್ತುಗಳನ್ನು ಹೊಸದಾಗಿ ಎಣಿಸು. ‘ತುಂಡು ಮುಗಿ’ ಬಂದಾಗ, ಬಿಟ್ಟ ಎಣಿಕೆಯನ್ನೇ ಮತ್ತೆ ಎತ್ತಿಕೊಂಡು ಮುಂದೆ ನಡೆ. ತುಂಡಿನೊಳಗೆ ಮತ್ತೊಂದು ತುಂಡಿದ್ದರೆ ಬಾಗಿಲಲ್ಲಿ ಇನ್ನೊಂದು ಜೊತೆ ಚಪ್ಪಲಿ. ಕೊನೆಗೆ ಬಿಟ್ಟದ್ದನ್ನು ಮೊದಲು ಎತ್ತಿಕೊಳ್ಳಬೇಕು, ಅದನ್ನು ಮರೆಯುವಂತಿಲ್ಲ.

“ಹೇಳ್ಕೊಡ್ಲಿಲ್ಲ ಕಣಮ್ಮ, ನಂಗೆ ಯಾರೂ ಏನೂ ಹೇಳ್ಕೊಡ್ಲಿಲ್ಲ” ಅಂದು ಚಲಪತಿ ಎರಡನೇ ಕಾಲನ್ನೂ ಚಪ್ಪಲಿಗೆ ಸೇರಿಸಿ ಮನೆಗೆ ಹೋದ.

ತಿದ್ದಿದ್ದು ಹೆಚ್ಚು ಸಾಲಲ್ಲ. ವಾಪಸ್ಸು ಬಂದಾಗ ಗಂಗಲಕ್ಷ್ಮಮ್ಮನ ಮಣೆಗೂ ಬಲತುದಿಗೂ ಗೇಣುದ್ದ ಇತ್ತು. ಈ ಸಲ ಅವನು ಯಾರನ್ನೂ ಕರೆಯಲಿಲ್ಲ. ಅವರೇ ಬಂದು ನಿಂತರು. ಕೀರ್ತನ ಮಧ್ಯಾಹ್ನದ ಕ್ಲಾಸು ಮುಗಿಸಿ ಮತ್ತೆ ಬಂದಿದ್ದಳು.

ಅದೇ ನವಿಲು ಚುಚ್ಚಿದರು. ಪರದೆಯ ಮೇಲೆ ಬಂತು: ‘ಹದಿನಾಲ್ಕನೇ ಸಾಲು ತಪ್ಪು.’ ಮಗ್ಗದ ಸ್ವಿಚ್ಚು ಒತ್ತಿದರೂ ಮಗ್ಗ ಹೊರಡಲಿಲ್ಲ.

ಬೈರೇಶ್ ಶಿಳ್ಳೆ ಹಾಕಿದ. ಚಲಪತಿ ವರಲಕ್ಷ್ಮಮ್ಮನ ಕಡೆ ತಿರುಗಿದ, ಮುಖದಲ್ಲಿ ಗೆಲುವು ತಡೆಯಲಾಗದೆ. ಅವಳು ಪರದೆಯನ್ನು ಎರಡು ಸಲ ಓದಿದಳು.

“ಹದಿನಾಲ್ಕನೇ ಸಾಲು ತಪ್ಪು. ಆಮೇಲೆ?”

“ಆಮೇಲೇನು? ತಿದ್ಬೇಕು.”

“ಏನ್ ತಿದ್ಲಿ? ಬೈರೇಶ ಗೃಹಪ್ರವೇಶದಲ್ಲಿ ಹೋಳಿಗೆ ತಿಂತಾ ಕೂತಿದ್ರೆ ನಾನು ಈ ಹದಿನಾಲ್ಕನ್ನ ಇಟ್ಕೊಂಡು ಏನ್ ಮಾಡ್ಲಿ? ಎಳೆ ಹರೀತು ಅಂತ ಹೇಳಿದ್ರೆ ಸಾಕಾ, ಯಾವ್ ಎಳೆ, ಎಲ್ಲಿ ಗಂಟು ಹಾಕ್ಬೇಕು ಅಂತ ಬೇಡ್ವಾ?”

ಚಲಪತಿಗೆ ಮೊದಲು ಸಿಟ್ಟು ಬಂತು. ಆಮೇಲೆ ಗಂಗಲಕ್ಷ್ಮಮ್ಮನ ಮಣೆ ನೋಡಿದ. ಅಲ್ಲೇ ಮಗ್ಗದ ಪಕ್ಕದ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗಿಸಿ ಬರೆಯತೊಡಗಿದ. ಎಣಿಕೆ ಮಾತ್ರ ಬಾಗಿಲಲ್ಲಿ ಬಿಟ್ಟರೆ ಸಾಲದು. ಆ ಹೊರಗಿನ ಸುತ್ತು ಯಾವ ಸಾಲಿನಲ್ಲಿ ಶುರುವಾಗಿತ್ತು, ಒಳಗೆ ಬಂದ ತುಂಡಿನ ಹೆಸರೇನು ಎಂಬುದನ್ನೂ ಅದರ ಜೊತೆ ಬಿಡಬೇಕು. ಆಗ ತಪ್ಪು ಕಂಡಾಗ ಹೇಳುವುದಕ್ಕೆ ಮಾತು ಇರುತ್ತದೆ. ಎರಡು ಸಲ ಅಕ್ಷರ ತಪ್ಪು ಒತ್ತಿ, ಎರಡು ಸಲ ಅಳಿಸಿದ. ಕೀರ್ತನ ಹಿಂದೆ ನಿಂತು ಎರಡೂ ಸಲ ಕೈ ಮುಂದೆ ತಂದು ಹಿಂದಕ್ಕೆ ತೆಗೆದುಕೊಂಡಳು.

ಗಂಗಲಕ್ಷ್ಮಮ್ಮ ಕೊನೆಯ ಎಳೆ ಹೊಸೆದು, ಸೊಂಟ ಹಿಡಿದುಕೊಂಡು ಎದ್ದಳು. “ನಂದಾಯ್ತು” ಅಂದಳು. “ನಿಂದು?”

“ನೋಡು” ಅಂದ ಚಲಪತಿ.

ಬೈರೇಶ್ ಪೆನ್‌ಡ್ರೈವ್ ಚುಚ್ಚಿದ. ವರಲಕ್ಷ್ಮಮ್ಮ ಗಟ್ಟಿಯಾಗಿ ಓದಿದಳು:

‘ಹದಿನಾಲ್ಕನೇ ಸಾಲಿನ ಸಾಕು ನವಿಲು ತುಂಡಿನ ಒಳಗಿದೆ. ಈ ತುಂಡಿನಲ್ಲಿ ನಿಲ್ಲಿಸಲು ಸುತ್ತು ಇಲ್ಲ. ಒಂಬತ್ತನೇ ಸಾಲಿನ ಸುತ್ತು ನಿಲ್ಲಬೇಕಾದರೆ, ಸಾಕು ತುಂಡು ಮುಗಿದ ಮೇಲೆ, ಆ ಸುತ್ತಿನ ಒಳಗೆ ಬರೆಯಿರಿ. ಮಗ್ಗ ಹೊರಟಿಲ್ಲ, ಬಟ್ಟೆ ಕೆಟ್ಟಿಲ್ಲ.’

ಅವಳು ಲ್ಯಾಪ್‌ಟಾಪಿನ ಮುಂದೆ ಕೂತಳು. ಬೈರೇಶ್ ಹತ್ತಿರ ಬಂದಾಗ ಮೊಣಕೈಯಿಂದ ಆಚೆ ತಳ್ಳಿದಳು. ಒಂದೊಂದೇ ಬೆರಳಿನಲ್ಲಿ ಆ ಸಾಲನ್ನು ಅಳಿಸಿ, ತುಂಡು ಮುಗಿದಲ್ಲಿಂದ ಕೆಳಗೆ, ನವಿಲು ಎಂದು ಕರೆದ ಮೇಲೆ ಬರೆದಳು. ಮತ್ತೆ ಚುಚ್ಚಿದಳು. ‘ಎಲ್ಲ ಸರಿ ಇದೆ.’ ಅಷ್ಟಕ್ಕೇ ಬಿಡಲಿಲ್ಲ. ಹಳೆಯ ಡಿಸೈನುಗಳನ್ನೂ ಒಂದೊಂದಾಗಿ ತರಿಸಿ ಕಣ್ಣಾಡಿಸಿದಳು. ಕಳೆದ ಯುಗಾದಿಗೆ ನೇಯ್ದ ಬುಟ್ಟಾ ಸೀರೆಯದು ಸಿಕ್ಕಿಬಿತ್ತು. ಅದರಲ್ಲಿ ಒಂದು ‘ದಾಟು’ ಯಾವ ಸುತ್ತಿಗೂ ಸೇರದೆ ಹೊರಗೆ ಅಲೆಯುತ್ತಿತ್ತು. ಅದನ್ನು ಬರೆದವಳು ಅವಳೇ. ಆ ಸೀರೆಯಲ್ಲಿ ಒಂದು ಸಾಲು ಬುಟ್ಟಾ ಹೆಚ್ಚಾಗಿ ಬಂದಿದ್ದಕ್ಕೆ ಆಗ ಬೈರೇಶನ ಮೇಲೆ ಹಾರಾಡಿದ್ದಳು.

“ಅಮ್ಮಾ…” ಅಂದ ಬೈರೇಶ್, ಪಾಪದವನ ಹಾಗೆ.

“ಮುಚ್ಕೊಂಡು ಮಗ್ಗ ಬಿಡು.”

ಮಗ್ಗ ಹೊರಟಿತು. 

ಹೊಸ ಸೀರೆ ಮಗ್ಗದಿಂದ ಕೆಳಗಿಳಿದ ದಿನ ಚಲಪತಿ ಹೋಗಲಿಲ್ಲ. ಹೋದರೆ ಸೆರಗು ಬಂತೋ ಇಲ್ಲವೋ ಎಂಬ ಅನುಮಾನದಿಂದ ನೋಡಲು ಬಂದ ಎಂದುಕೊಂಡಾರು. ಕೀರ್ತನ ಹೋಗಿದ್ದಳು. ಸಂಜೆ ದೊಡ್ಡಪ್ಪನ ಮನೆಗೆ ಬಂದು, ಸೆರಗು ಸೆರಗಿನ ಜಾಗದಲ್ಲೇ ಇದೆ ಎಂದು ಹೇಳಿದಳು. ವರಲಕ್ಷ್ಮಮ್ಮ ಡಬ್ಬಿಯ ಬಗ್ಗೆ ಏನಂದಳು ಎಂದು ಚಲಪತಿ ಕೇಳಿದ. ಏನೂ ಅನ್ನಲಿಲ್ಲ, ಮೇಲೆ ಧೂಳು ಕೂರದ ಹಾಗೆ ಬಟ್ಟೆ ಹೊದಿಸಿದ್ದಾಳೆ ಅಂದಳು. ಚಲಪತಿ ತಲೆಯಾಡಿಸಿದ.

ಕೀರ್ತನ ಬಂದದ್ದು ಅದನ್ನು ಹೇಳುವುದಕ್ಕಷ್ಟೇ ಅಲ್ಲ. ದೊಡ್ಡಪ್ಪನ ಬಲಗಣ್ಣಿಗೆ ಪೊರೆ ಬಂದಿರುವುದು ಮನೆಯವರಿಗೆಲ್ಲ ಗೊತ್ತಿತ್ತು. ಅವಳ ಹತ್ತಿರ ಕಲಿತ ಐದಾರು ಜನ ಈಗ ಒಳ್ಳೆಯ ಕೆಲಸದಲ್ಲಿದ್ದರು, ಬಿಡುವಿನಲ್ಲಿ ಇದನ್ನೆಲ್ಲ ಹೊಸದಾಗಿ, ಅಚ್ಚುಕಟ್ಟಾಗಿ ಬರೆದುಕೊಡಲು ಒಪ್ಪಿದ್ದರು. ಮುಗಿಯದ ಸುತ್ತನ್ನು ಹಿಡಿಯುವುದು, ಎಂದೂ ತಲುಪದ ಸಾಲನ್ನು ಹಿಡಿಯುವುದು, ಇನ್ನೂ ಎಷ್ಟೋ ಇದ್ದವು. ಮೊಬೈಲಿನಲ್ಲೂ ಬರುವಂತೆ ಮಾಡಬಹುದಿತ್ತು. ದೊಡ್ಡಪ್ಪನ ಹೆಸರೇ ಇರುತ್ತದೆ. ಅವನು ಬೆರಳೂ ಅಲ್ಲಾಡಿಸಬೇಕಾಗಿಲ್ಲ, ಬಾಯಲ್ಲಿ ಹೇಳಿದರಾಯಿತು. ಅವಳು ಇದನ್ನೆಲ್ಲ ನಿಧಾನವಾಗಿ, ಮೊದಲೇ ಜೋಡಿಸಿಕೊಂಡು ಬಂದವಳಂತೆ ಹೇಳಿದಳು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಚಲಪತಿಯೂ ಅದನ್ನು ಕೊನೆಯವರೆಗೆ ಕೇಳಿದ.

“ಒಳ್ಳೇ ಹುಡುಗ್ರು ದೊಡ್ಡಪ್ಪ. ನಿಮಗೆ ಭಾರ ಕಮ್ಮಿ ಆಗ್ತದೆ.”

“ಒಳ್ಳೇವ್ರೇ ಇರ್ತಾರೆ, ನೀನು ಕಲಿಸ್ದವ್ರು ತಾನೆ” ಅಂದ ಚಲಪತಿ. “ಬೇಡಮ್ಮ. ಅಕ್ಷರ ಕಾಣ್ದೇ ಇದ್ರೆ ದಪ್ಪ ಮಾಡ್ಕೋತೀನಿ. ಅದೂ ಕಾಣ್ದೇ ಇದ್ರೆ ಆಪರೇಷನ್ ಮಾಡಿಸ್ಕೋತೀನಿ, ಅದಕ್ಕೆ ಬೇಕಾದ್ರೆ ಜೊತೆಗೆ ಬಾ. ಇದಕ್ಕೆ ಬೇಡ. ಆ ಸೀರೆ ಕೆಟ್ಟ ದಿವ್ಸ ವರಲಕ್ಷ್ಮಮ್ಮ ಯಾರ್ನ ಕರ್ಸಿದ್ಳು? ನನ್ನ. ನಿನ್ ಡಬ್ಬಿ ಯಾಕೆ ಬಾಯಿ ಮುಚ್ಕೊಂಡಿತ್ತು ಅಂತ ಯಾರ್ನ ಕೇಳಿದ್ಳು? ನನ್ನ. ಆರು ಜನ ಬರ್ದ್ರೆ ನಾಳೆ ಕೆಟ್ಟಾಗ ಅವಳು ಯಾರ್ ಮನೆ ಬಾಗಿಲಿಗೆ ಬರ್ಬೇಕು? ಒಬ್ಬ ಹೊಸಕೋಟೇಲಿ ಇರ್ತಾನೆ, ಒಬ್ಬ ವೈಟ್‌ಫೀಲ್ಡಲ್ಲಿ ಇರ್ತಾನೆ, ಒಬ್ಬ ಫೋನೇ ಎತ್ತಲ್ಲ. ಬೈಯೋದಕ್ಕೆ ಅವ್ಳಿಗೆ ಒಂದು ಬಾಗ್ಲು ಬೇಕಮ್ಮ, ಅದು ಇದೇ ಬೀದೀಲಿ ಇರ್ಬೇಕು. ನೀನು ಕಾಫಿ ಕುಡ್ಕೊಂಡು ಹೋಗು, ನಂಗೆ ಕೆಲ್ಸ ಐತೆ.”